ಗೀಸರ್ ಮೇಲೆ ಬರೆದ ವಾಟ್, ಅದು ನಿಜಕ್ಕೂ ಎಳೆಯುವ ವಾಟ್: ವೋಲ್ಟ್ ಮತ್ತು ಆಂಪಿಯರ್ ಅಳೆದು ಲೆಕ್ಕ ಹಾಕುವ ಬಗೆ

ಬಚ್ಚಲುಮನೆಯ ಗೀಸರ್‌ಗೆ ಒಂದು ಸಣ್ಣ ಫಲಕ ಅಂಟಿಸಿರುತ್ತಾರೆ: 230 ವೋಲ್ಟ್, 50 ಹರ್ಟ್ಜ್, 2000 ವಾಟ್. ಹೆಚ್ಚಿನವರು ಓದುವುದು ಕೊನೆಯ ಸಂಖ್ಯೆಯನ್ನಷ್ಟೇ. ಆದರೆ ಆ 2000 ಎಂಬುದು ಮೊದಲಿನ 230ಕ್ಕೆ ಕಟ್ಟುಬಿದ್ದದ್ದು. ಸಂಜೆ ಊರಿಗೆ ಊರೇ ಸ್ವಿಚ್ ಒತ್ತಿ ಲೈನಿನಲ್ಲಿ 180 ವೋಲ್ಟ್ ಮಾತ್ರ ಉಳಿದರೆ, ಅದೇ ಗೀಸರ್ ಎಳೆಯುವುದು ಸುಮಾರು 1225 ವಾಟ್. ನೀರು ಕಾಯಲು ಯಾಕಿಷ್ಟು ಹೊತ್ತು ಎಂದು ಕಾಯಿಲ್ ಬದಲಿಸಿ ದುಡ್ಡು ಕಳೆಯುವ ಮೊದಲು ಎರಡು ಅಳತೆ ತೆಗೆದುಕೊಂಡರೆ ಸಾಕು. ವೋಲ್ಟೇಜ್ ಎಷ್ಟು, ಪ್ರವಾಹ ಎಷ್ಟು ಎಂದು ಗೊತ್ತಾದರೆ ಉಪಕರಣದ ರೋಧವೂ (ಪ್ರವಾಹಕ್ಕೆ ಅದು ಒಡ್ಡುವ ಅಡ್ಡಿ) ಅದು ತಿನ್ನುತ್ತಿರುವ ಪವರ್ ಕೂಡ ಕಾಗದದ ಮೇಲೆ ಬರುತ್ತವೆ. ಮನೆಯ ವೈರಿಂಗ್‌ನಲ್ಲಿ ಎಲ್ಲೋ ಸಡಿಲವಾಗಿರುವ ಜಾಯಿಂಟ್ ಕೂಡ ಇದೇ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಬೇಕಾದ ಸೂತ್ರಗಳು

ರೋಧ (ಓಮ್) = ವೋಲ್ಟೇಜ್ (ವೋಲ್ಟ್) ÷ ಪ್ರವಾಹ (ಆಂಪಿಯರ್)

ಪವರ್ (ವಾಟ್) = ವೋಲ್ಟೇಜ್ × ಪ್ರವಾಹ

ಮೊದಲನೆಯದು ಜರ್ಮನಿಯ ಗಿಯೋರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಹತ್ತನೇ ತರಗತಿ ದಾಟಿದವರಿಗೆಲ್ಲ ಪರಿಚಿತ. ಎರಡನ್ನೂ ಒಂದರೊಳಗೊಂದು ಇಟ್ಟರೆ ಇನ್ನೆರಡು ರೂಪ ಸಿಗುತ್ತವೆ. ಪವರ್ ಎಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದ್ದು. ಅಥವಾ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದ್ದು. ವೈರಿನಲ್ಲಿ ಆಗುವ ನಷ್ಟ ನೋಡಲು ಮೊದಲ ರೂಪ ಅನುಕೂಲ, ಹೀಟರ್ ಲೆಕ್ಕಕ್ಕೆ ಎರಡನೆಯದು.

ಏಕಮಾನಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಮೀಟರ್ ಮಿಲಿಆಂಪಿಯರ್ ತೋರಿಸುತ್ತಿದ್ದರೆ ಸೂತ್ರಕ್ಕೆ ಹಾಕುವ ಮೊದಲು 1000ದಿಂದ ಭಾಗಿಸಿ. 350 ಮಿಲಿಆಂಪಿಯರ್ ಎಂದರೆ 0.35 ಆಂಪಿಯರ್. ಉತ್ತರ ಸಾವಿರ ಪಟ್ಟು ಹೆಚ್ಚು ಕಡಿಮೆ ಬಂದಿದ್ದರೆ ಬಹುತೇಕ ತಪ್ಪಿರುವುದು ಇಲ್ಲೇ.

ಮೀಟರ್ ಹಿಡಿಯುವ ಮುನ್ನ

ವೋಲ್ಟೇಜನ್ನು ಎರಡು ತುದಿಗಳ ನಡುವೆ ಅಳೆಯುತ್ತಾರೆ, ಅಂದರೆ ಮೀಟರ್ ಸಮಾಂತರವಾಗಿ ಕೂರುತ್ತದೆ. ಪ್ರವಾಹವನ್ನು ಅಳೆಯಲು ಪ್ರವಾಹವೇ ಮೀಟರ್ ಮೂಲಕ ಹರಿಯಬೇಕು, ಅಂದರೆ ಸರಣಿಯಲ್ಲಿ. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಸಾಮಾನ್ಯ ಮಲ್ಟಿಮೀಟರಿನ ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿದ್ದಾಗ ಮೀಟರಿನ ರೋಧ ಹೆಚ್ಚುಕಡಿಮೆ ಸೊನ್ನೆ. ಆ ಸ್ಥಿತಿಯಲ್ಲಿ ಅದನ್ನು ಸಾಕೆಟ್‌ನ ಎರಡು ತೂತಿಗೆ ತೂರಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಒಳಗಿನ ಫ್ಯೂಸ್ ಹಾರಿದರೆ ಪುಣ್ಯ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಮನೆಯ 230 ವೋಲ್ಟ್‌ನಲ್ಲಿ ಆಂಪಿಯರ್ ಅಳೆಯಲು ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸುವ ಸಾಹಸ ಬೇಡವೇ ಬೇಡ. ಬ್ಯಾಟರಿ, ಎಲ್‌ಇಡಿ, ಮೊಬೈಲ್ ಚಾರ್ಜರ್ ಮಟ್ಟಕ್ಕೆ ಅದು ಸರಿ.

ಕರೆಂಟಿನ ಲೈನಿಗೆ ಕ್ಲ್ಯಾಂಪ್ ಮೀಟರ್ ತೆಗೆದುಕೊಳ್ಳಿ. ಬಾಯಿ ತೆರೆದು ವೈರನ್ನು ಒಳಗೆ ಬಿಟ್ಟರೆ ಮುಗಿಯಿತು, ಎಲ್ಲಿಯೂ ಕತ್ತರಿಸಬೇಕಿಲ್ಲ. ಆದರೆ ಒಂದೇ ವೈರ್ ಒಳಗಿರಬೇಕು. ಫೇಸ್, ನ್ಯೂಟ್ರಲ್ ಎರಡೂ ಇರುವ ಇಡೀ ಕೇಬಲ್ ಸುತ್ತ ಹಿಡಿದರೆ ಹೋಗುವ ಪ್ರವಾಹವೂ ಬರುವ ಪ್ರವಾಹವೂ ಒಂದನ್ನೊಂದು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ. (ಎರಡನ್ನೂ ಹಿಡಿದಾಗ ಸೊನ್ನೆ ಬರದಿದ್ದರೆ ಸ್ವಲ್ಪ ಪ್ರವಾಹ ಬೇರೆ ದಾರಿಯಲ್ಲಿ, ಬಹುಶಃ ಅರ್ಥಿಂಗ್ ಮೂಲಕ, ಸೋರುತ್ತಿದೆ. ಎಲೆಕ್ಟ್ರಿಶಿಯನ್‌ಗಳು ಲೀಕೇಜ್ ಹುಡುಕುವುದು ಹೀಗೆಯೇ.)

ಇದಕ್ಕಾಗಿ ಒಂದು ಪುಟ್ಟ ಎಕ್ಸ್‌ಟೆನ್ಷನ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು: ಒಂದು ತುದಿಗೆ 16 ಆಂಪಿಯರ್ ಪ್ಲಗ್, ಇನ್ನೊಂದಕ್ಕೆ 16 ಆಂಪಿಯರ್ ಸಾಕೆಟ್, ನಡುವೆ 2.5 ಚದರ ಮಿ.ಮೀ.ನ ಮೂರು ಬಿಡಿ ವೈರ್‌ಗಳು. ಫೇಸ್ ವೈರ್ ಬೇರೆಯಾಗಿ ನಿಂತಿರುವುದರಿಂದ ಕ್ಲ್ಯಾಂಪ್ ಹಾಕುವುದು ಸಲೀಸು. ಡಿಸ್ಟ್ರಿಬ್ಯೂಷನ್ ಬೋರ್ಡಿನ ಮುಚ್ಚಳ ಬಿಚ್ಚಿ ಅಳೆಯಬೇಕಾದ ಕೆಲಸವನ್ನು ಮಾತ್ರ ಲೈಸೆನ್ಸ್ ಇರುವವರಿಗೇ ಬಿಡಿ.

ಪ್ರವಾಹ ತೀರಾ ಕಡಿಮೆಯಿದ್ದರೆ ಕ್ಲ್ಯಾಂಪಿನ ಓದು ನಂಬುವಂತಿರುವುದಿಲ್ಲ. ಆಗ ಸಡಿಲವಾಗಿರುವ ಆ ಬಿಡಿ ಫೇಸ್ ವೈರನ್ನೇ ಕ್ಲ್ಯಾಂಪಿನ ಬಾಯೊಳಗೆ ಐದು ಸಲ ಸುತ್ತಿ, ಬಂದ ಸಂಖ್ಯೆಯನ್ನು ಐದರಿಂದ ಭಾಗಿಸಿ. ಸೀಲಿಂಗ್ ಫ್ಯಾನಿನಂಥ ಸಣ್ಣ ಲೋಡಿಗೆ ಈ ಉಪಾಯ ಚೆನ್ನಾಗಿ ಒದಗುತ್ತದೆ.

ಮೊದಲ ಲೆಕ್ಕ: ಗೀಸರ್

ಗೀಸರ್‌ನಲ್ಲಿ ನೀರು ತುಂಬಿದೆಯೆಂದು ಖಚಿತಪಡಿಸಿಕೊಂಡು ಆನ್ ಮಾಡಿ, ನೀರು ಕಾದು ಥರ್ಮೋಸ್ಟಾಟ್ ಕರೆಂಟ್ ಕಡಿಯುವ ಮೊದಲೇ ಎರಡೂ ಅಳತೆ ತೆಗೆದುಕೊಳ್ಳಿ. ವೋಲ್ಟೇಜ್ ಮತ್ತು ಪ್ರವಾಹವನ್ನು ಒಂದೇ ಹೊತ್ತಿನಲ್ಲಿ ಅಳೆಯುವುದು ಮುಖ್ಯ. ಬೆಳಿಗ್ಗೆಯ ವೋಲ್ಟೇಜ್‌ಗೆ ಸಂಜೆಯ ಆಂಪಿಯರ್ ಗಂಟು ಹಾಕಿದರೆ ಬರುವ ರೋಧ ಯಾವ ಹೊತ್ತಿನದೂ ಅಲ್ಲ.

ಮೀಟರ್ 218 ವೋಲ್ಟ್ ತೋರಿಸಿತು, ಕ್ಲ್ಯಾಂಪ್ 8.2 ಆಂಪಿಯರ್ ತೋರಿಸಿತು ಎಂದುಕೊಳ್ಳಿ.

ರೋಧ = 218 ÷ 8.2 = 26.6 ಓಮ್
ಪವರ್ = 218 × 8.2 = 1788 ವಾಟ್

ಈಗ ಫಲಕದ ಸಂಖ್ಯೆಯಿಂದ ಬರಬೇಕಾದ ರೋಧ ಎಷ್ಟೆಂದು ನೋಡಿ. 230ರ ವರ್ಗ 52,900. ಅದನ್ನು 2000ದಿಂದ ಭಾಗಿಸಿದರೆ 26.45 ಓಮ್. ಅಳೆದದ್ದು 26.6. ಕಡಿಮೆ ಬೆಲೆಯ ಕ್ಲ್ಯಾಂಪ್ ಮೀಟರಿನಲ್ಲಿ ಶೇಕಡಾ ಎರಡು ಮೂರರಷ್ಟು ವ್ಯತ್ಯಾಸ ಸಹಜ, ಹಾಗಾಗಿ ಇವೆರಡೂ ಒಂದೇ ಎಂದು ಲೆಕ್ಕ. ಕಾಯಿಲ್ ಗಟ್ಟಿಯಾಗಿದೆ. ಕಡಿಮೆಯಾಗಿರುವುದು ವೋಲ್ಟೇಜ್, 2000ದ ಬದಲು 1788 ವಾಟ್ ಸಿಗುತ್ತಿರುವುದು ಅದರಿಂದ.

ರೋಧ ಬೇರೆಯಾಗಿ ಬಂದರೆ ಕಥೆಯೂ ಬೇರೆ. ವೋಲ್ಟೇಜ್ ಇದ್ದೂ ಪ್ರವಾಹ ಸೊನ್ನೆಯಾದರೆ ಕಾಯಿಲ್ ಅಥವಾ ಥರ್ಮಲ್ ಕಟೌಟ್ (ಅತಿಯಾಗಿ ಕಾದರೆ ಕರೆಂಟ್ ನಿಲ್ಲಿಸುವ ಭಾಗ) ಕಡಿದಿದೆ. ತಲಾ 1000 ವಾಟಿನ ಎರಡು ರಾಡ್ ಇರುವ ರೂಮ್ ಹೀಟರ್ ಎರಡೂ ಸ್ವಿಚ್ ಆನ್ ಆಗಿರುವಾಗ 26ರ ಬದಲು 53 ಓಮ್ ತೋರಿಸಿದರೆ ಒಂದು ರಾಡ್ ಸತ್ತಿದೆ. ಇದನ್ನು ಕಂಡುಹಿಡಿಯಲು ಹೀಟರ್ ಬಿಚ್ಚಬೇಕಿಲ್ಲ.

ಕರೆಂಟ್ ಪೂರ್ತಿ ತೆಗೆದು, ಪ್ಲಗ್ ಕಿತ್ತು, ಮಲ್ಟಿಮೀಟರಿನ ಓಮ್ ವಿಭಾಗದಲ್ಲಿ ಕಾಯಿಲನ್ನು ನೇರವಾಗಿಯೂ ಅಳೆಯಬಹುದು. ಹೀಟರ್ ಕಾಯಿಲ್‌ಗಳ ನೈಕ್ರೋಮ್ ತಂತಿಯ ರೋಧ ಬಿಸಿಯಾದಾಗ ಹೆಚ್ಚು ಬದಲಾಗದ ಕಾರಣ ತಣ್ಣಗಿದ್ದಾಗಿನ ಅಳತೆಯೂ 26ರ ಆಸುಪಾಸಿನಲ್ಲೇ ಬರುತ್ತದೆ. ಮೀಟರ್ ಕೈಯಲ್ಲಿರುವಾಗಲೇ ಕಾಯಿಲಿನ ಒಂದು ತುದಿಗೂ ಗೀಸರ್‌ನ ಲೋಹದ ಮೈಗೂ ನಡುವೆ ಅಳೆದುಬಿಡಿ. ಅಲ್ಲಿ ಕೆಲವು ಸಾವಿರ ಓಮ್ ಬಂದರೂ ಆ ಗೀಸರ್ ಬಳಸಬೇಡಿ; ಅದು ನೀರಿಗೆ ಶಾಕ್ ಹೊಡೆಸುವ ಹಂತದಲ್ಲಿದೆ.

ವೋಲ್ಟೇಜ್ ಇಳಿದಾಗ

ಹೀಟರ್‌ನ ರೋಧ ಹೆಚ್ಚುಕಡಿಮೆ ಸ್ಥಿರ, ಪವರ್ ಹಾಗಲ್ಲ. ವೋಲ್ಟೇಜಿನ ವರ್ಗದ ಜೊತೆ ಅದು ಏರಿಳಿಯುತ್ತದೆ. 180 ವೋಲ್ಟ್ ಎಂದರೆ 230ರ ಶೇಕಡಾ 78. ಆದರೆ 180ರ ವರ್ಗ 32,400ನ್ನು 26.45ರಿಂದ ಭಾಗಿಸಿದರೆ ಸಿಗುವ 1225 ವಾಟ್ ಎಂಬುದು 2000ದ ಶೇಕಡಾ 61 ಮಾತ್ರ.

ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 15.7 ಲಕ್ಷ ಜೌಲ್ ಬೇಕು (ಲೀಟರಿಗೆ, ಡಿಗ್ರಿಗೆ 4186 ಜೌಲ್). 2000 ವಾಟ್ ಇದ್ದರೆ 13 ನಿಮಿಷ, 1225 ವಾಟ್ ಇದ್ದರೆ 21 ನಿಮಿಷ. ವೋಲ್ಟೇಜ್ ಡಲ್ ಇದ್ದರೆ ಗೀಸರ್ ಬಿಲ್ ಜಾಸ್ತಿ ಬರುತ್ತದೆ ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ, ಅದು ನಿಜವಲ್ಲ. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ನೀರಿಗೆ ಬೇಕಾದ್ದು ಎರಡೂ ಸಲ 0.44 ಯೂನಿಟ್ಟೇ. ಹೊತ್ತು ಹೆಚ್ಚು ಹಿಡಿದಾಗ ಗೀಸರ್‌ನ ಮೈಯಿಂದ ಸೋರುವ ಅಲ್ಪ ಶಾಖವಷ್ಟೇ ಹೆಚ್ಚುವರಿ.

ಎರಡನೇ ಲೆಕ್ಕ: ವೈರಿಂಗ್‌ನ ರೋಧ

ನನ್ನ ಮಟ್ಟಿಗೆ ಓಮ್ ನಿಯಮದ ಅತಿ ಹೆಚ್ಚು ಪ್ರಯೋಜನ ಇಲ್ಲಿದೆ, ಆದರೆ ಇದನ್ನು ಮಾಡಿ ನೋಡುವವರು ಕಡಿಮೆ. ಮೀಟರನ್ನು ವೋಲ್ಟೇಜಿಗೆ ಇಟ್ಟು, ಗೀಸರ್ ಆಫ್ ಇರುವಾಗ ಅದರ ಸಾಕೆಟ್‌ನಲ್ಲಿ ಅಳೆಯಿರಿ. ಆಮೇಲೆ ಗೀಸರ್ ಆನ್ ಮಾಡಿ ಅದೇ ಜಾಗದಲ್ಲಿ ತಕ್ಷಣ ಮತ್ತೆ ಅಳೆಯಿರಿ. ಆಫ್ ಇದ್ದಾಗ 226, ಆನ್ ಮಾಡಿದಾಗ 219, ಪ್ರವಾಹ 8.3 ಆಂಪಿಯರ್ ಎಂದಿರಲಿ. ನಡುವೆ ಕಳೆದುಹೋದ 7 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಿಂದ ಸಾಕೆಟ್‌ವರೆಗಿನ ದಾರಿಯಲ್ಲಿ ಬಿದ್ದಿದೆ.

ದಾರಿಯ ರೋಧ = 7 ÷ 8.3 = 0.84 ಓಮ್
ದಾರಿಯಲ್ಲಿ ಶಾಖವಾಗುವ ಪವರ್ = 7 × 8.3 = 58 ವಾಟ್

ಈ 0.84 ಹೆಚ್ಚೋ ಕಡಿಮೆಯೋ? ತಾಮ್ರದ ವೈರ್ ಒಂದು ಚದರ ಮಿ.ಮೀ. ದಪ್ಪಕ್ಕೆ ಮೀಟರಿಗೆ ಸುಮಾರು 0.0172 ಓಮ್ ರೋಧ ಒಡ್ಡುತ್ತದೆ. ಮೇನ್ ಬೋರ್ಡಿನಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದರೆ ಹೋಗಿ ಬರುವ ವೈರ್ 40 ಮೀಟರ್. 2.5 ಚದರ ಮಿ.ಮೀ. ವೈರ್ ಹಾಕಿದ್ದರೆ 40 × 0.0172 ÷ 2.5, ಅಂದರೆ 0.28 ಓಮ್. ಉಳಿದ 0.56 ಬೇರೆಲ್ಲೋ ಇದೆ.

ಎಲ್ಲಿ ಎಂದು ತಿಳಿಯಲು ಇದೇ ಆಫ್-ಆನ್ ಅಳತೆಯನ್ನು ಮೇನ್ ಬೋರ್ಡಿಗೆ ಹತ್ತಿರದ ಸಾಕೆಟ್‌ನಲ್ಲಿ ಮಾಡಿ. ಲೋಡ್ ಮಾತ್ರ ಬಚ್ಚಲಿನ ಗೀಸರ್‌ದೇ ಆಗಿರಲಿ. ಅಲ್ಲಿಯೂ ನಾಲ್ಕೈದು ವೋಲ್ಟ್ ಇಳಿದರೆ ತೊಂದರೆ ಮನೆಯ ಹೊರಗಿದೆ: ಸರ್ವಿಸ್ ವೈರ್ ಸಣ್ಣದಾಗಿರಬಹುದು, ಕಂಬದ ಮೇಲಿನ ಜಂಪರ್ (ಲೈನಿಗೆ ಜೋಡಿಸುವ ತುಂಡು ವೈರ್) ಸಡಿಲವಾಗಿರಬಹುದು, ಟ್ರಾನ್ಸ್‌ಫಾರ್ಮರ್ ದೂರವಿರಬಹುದು. ಲೈನ್‌ಮ್ಯಾನ್‌ಗೆ ಸುಮ್ಮನೆ ವೋಲ್ಟೇಜ್ ಇಲ್ಲ ಎನ್ನುವುದಕ್ಕಿಂತ, ಎಂಟು ಆಂಪಿಯರ್ ಲೋಡಿಗೆ ಮೀಟರ್ ಹತ್ತಿರವೇ ಐದು ವೋಲ್ಟ್ ಬೀಳುತ್ತದೆ ಎಂದು ಹೇಳಿ ನೋಡಿ. ಏಣಿ ಎಲ್ಲಿಗೆ ಹಾಕಬೇಕೆಂದು ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಮೇನ್ ಬೋರ್ಡಿನಲ್ಲಿ ಇಳಿತ ಒಂದೆರಡು ವೋಲ್ಟ್ ಮಾತ್ರ ಇದ್ದು ಬಚ್ಚಲಲ್ಲಿ ಏಳು ಇದ್ದರೆ, ಮನೆಯೊಳಗೇ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿದೆ. ಇದನ್ನು ಮುಂದೂಡಬೇಡಿ. ಸಡಿಲ ಜಾಯಿಂಟಿನ ರೋಧ 0.3 ಓಮ್ ಇದ್ದರೂ 8.3ರ ವರ್ಗವನ್ನು 0.3ರಿಂದ ಗುಣಿಸಿದರೆ ಸುಮಾರು 21 ವಾಟ್. ರೇಡಿಯೊ ರಿಪೇರಿಯವರ 25 ವಾಟಿನ ಸಾಲ್ಡರಿಂಗ್ ಐರನ್ ಸೀಸವನ್ನು ಕರಗಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಇಲ್ಲಿ ಸ್ವಿಚ್‌ಬೋರ್ಡಿನ ಪ್ಲಾಸ್ಟಿಕ್ ಹಿಂದೆ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತಿದೆ. ಪ್ರವಾಹ ಮಿತಿ ಮೀರಿಲ್ಲವಾದ್ದರಿಂದ ಎಂಸಿಬಿ (ಪ್ರವಾಹ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇದಕ್ಕೆ ಬೀಳುವುದಿಲ್ಲ.

ದಾರಿಯ ನಷ್ಟ ಪ್ರವಾಹದ ವರ್ಗದ ಜೊತೆ ಬೆಳೆಯುತ್ತದೆ ಎಂಬ ಈ ಮಾತಿನಿಂದಲೇ ದೂರಕ್ಕೆ ವಿದ್ಯುತ್ ಸಾಗಿಸುವವರು ವೋಲ್ಟೇಜ್ ಏರಿಸಿ ಪ್ರವಾಹ ಇಳಿಸುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟ್ ಹರಿದದ್ದೂ ಹತ್ತಾರು ಸಾವಿರ ವೋಲ್ಟಿನಲ್ಲಿ. ಇನ್ವರ್ಟರ್ ಕಥೆ ಇದರ ತಿರುವುಮುರುವು: 12 ವೋಲ್ಟ್ ಬ್ಯಾಟರಿಯಿಂದ 600 ವಾಟ್ ತೆಗೆಯಲು 50 ಆಂಪಿಯರ್ ಬೇಕು, ನಷ್ಟ ಸೇರಿದರೆ ಇನ್ನೂ ಹೆಚ್ಚು. ಬ್ಯಾಟರಿಯ ಕೇಬಲ್ ಹೆಬ್ಬೆರಳಿನಷ್ಟು ದಪ್ಪ ಇರುವುದಕ್ಕೆ ಕಾರಣ ಇಷ್ಟೇ.

ಬ್ಯಾಟರಿಯ ಒಳರೋಧವನ್ನೂ ಇದೇ ಆಫ್-ಆನ್ ವಿಧಾನದಲ್ಲಿ ತೆಗೆಯಬಹುದು. ಲೋಡ್ ಇಲ್ಲದಾಗ 12.7 ವೋಲ್ಟ್, 30 ಆಂಪಿಯರ್ ಎಳೆದಾಗ 12.1 ವೋಲ್ಟ್ ಎಂದರೆ 0.6 ÷ 30 = 0.02 ಓಮ್. ಹೊಸದಿದ್ದಾಗಿನ ಅಂಕಿ ಬರೆದಿಟ್ಟುಕೊಂಡರೆ, ವರ್ಷ ಕಳೆದಂತೆ ಅದು ಏರುವುದನ್ನು ನೋಡಿ ಬ್ಯಾಟರಿ ಮುಪ್ಪಾಗುತ್ತಿರುವುದು ತಿಳಿಯುತ್ತದೆ. ಬ್ಯಾಟರಿಯ ಒಂದೇ ದಿಕ್ಕಿನ ಪ್ರವಾಹ (ಡಿಸಿ) ಅಳೆಯುವ ಕ್ಲ್ಯಾಂಪ್ ಬೇರೆ, ಎಲ್ಲ ಕ್ಲ್ಯಾಂಪ್‌ಗಳೂ ಅದನ್ನು ಮಾಡುವುದಿಲ್ಲ, ಕೊಳ್ಳುವಾಗ ಕೇಳಿ.

ಸೂತ್ರ ಕೈಕೊಡುವ ಜಾಗಗಳು

ಹಳೆಯ 60 ವಾಟಿನ ಬಲ್ಬನ್ನು ಲೆಕ್ಕದ ಪ್ರಕಾರ ನೋಡಿದರೆ 52,900 ÷ 60, ಅಂದರೆ 882 ಓಮ್. ಬಲ್ಬ್ ಕಳಚಿ ಮಲ್ಟಿಮೀಟರಿಗೆ ಕೊಟ್ಟರೆ ಅದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ತೋರಿಸುತ್ತದೆ. ಎರಡೂ ಸರಿ. ಉರಿಯುವಾಗ ಟಂಗ್‌ಸ್ಟನ್ ತಂತಿ ಸುಮಾರು 2500 ಡಿಗ್ರಿಯಲ್ಲಿರುತ್ತದೆ, ಆ ಶಾಖದಲ್ಲಿ ಅದರ ರೋಧ ಹತ್ತು ಪಟ್ಟಿಗಿಂತ ಹೆಚ್ಚು ಏರಿರುತ್ತದೆ. ಇಂಥ ಬಲ್ಬ್‌ಗಳು ಸ್ವಿಚ್ ಹಾಕಿದ ಕ್ಷಣದಲ್ಲೇ ಹಾರಿಹೋಗುತ್ತಿದ್ದುದು ಆ ತಣ್ಣನೆ ತಂತಿಗೆ ಒಮ್ಮೆಲೆ ನುಗ್ಗುವ ಪ್ರವಾಹದಿಂದ.

ಮೋಟರಿನಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ ನಿಜ, ಆದರೆ ಅದು ಸುರುಳಿಯ ರೋಧವಲ್ಲ. ದಿಕ್ಕು ಬದಲಿಸುತ್ತಲೇ ಇರುವ ಲೈನಿನ ಕರೆಂಟಿನಲ್ಲಿ (ಎಸಿ) ಮೋಟರಿನ ಪ್ರವಾಹ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಎರಡನ್ನೂ ಗುಣಿಸಿದ್ದರಲ್ಲಿ ಒಂದು ಪಾಲು ಮಾತ್ರ ನಿಜವಾದ ವಾಟ್. ಆ ಪಾಲನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. ತೋಟದ ಮೂರು ಫೇಸ್ ಪಂಪ್‌ಸೆಟ್ಟಿಗೆ ಸೂತ್ರ ಹೀಗೆ:

ಪವರ್ = 1.732 × ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ × ಒಂದು ಫೇಸ್‌ನ ಪ್ರವಾಹ × ಪವರ್ ಫ್ಯಾಕ್ಟರ್

ಐದು ಎಚ್‌ಪಿ (ಅಶ್ವಶಕ್ತಿ) ಪಂಪ್‌ಸೆಟ್ಟಿನಲ್ಲಿ 405 ವೋಲ್ಟ್, 7.8 ಆಂಪಿಯರ್, 0.8 ಪವರ್ ಫ್ಯಾಕ್ಟರ್ ಇದ್ದರೆ ಸುಮಾರು 4380 ವಾಟ್. ಐದು ಎಚ್‌ಪಿ ಎಂದರೆ 5 × 746 = 3730 ವಾಟ್ ತಾನೇ ಎಂದು ಕೇಳಬಹುದು. ಅದು ಶಾಫ್ಟಿನಲ್ಲಿ ಸಿಗುವ ಪವರ್. ಮೋಟರಿನ ದಕ್ಷತೆ ಶೇಕಡಾ 85 ಇದ್ದರೆ ಒಳಕ್ಕೆ 4388 ವಾಟ್ ಹೋಗಬೇಕು, ಲೆಕ್ಕ ಹೊಂದುತ್ತದೆ.

ರೈತರು ಮನಸ್ಸಿನಲ್ಲಿಡಬೇಕಾದ ವ್ಯತ್ಯಾಸ ಇಲ್ಲಿದೆ. ವೋಲ್ಟೇಜ್ ಇಳಿದರೆ ಗೀಸರ್ ಎಳೆಯುವ ಆಂಪಿಯರ್ ಇಳಿಯುತ್ತದೆ. ಪಂಪ್‌ಸೆಟ್ಟಿನದು ಏರುತ್ತದೆ. ಬಾವಿಯ ಆಳ ಅಷ್ಟೇ ಇದೆ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ. ಅದೇ ಕೆಲಸವನ್ನು ಕಡಿಮೆ ವೋಲ್ಟಿನಲ್ಲಿ ಮಾಡಲು ಮೋಟರ್ ಹೆಚ್ಚು ಪ್ರವಾಹ ಬೇಡುತ್ತದೆ. 405 ವೋಲ್ಟ್ 350ಕ್ಕೆ ಇಳಿದರೆ 7.8 ಆಂಪಿಯರ್ ಸುಮಾರು 9ಕ್ಕೆ ಏರುತ್ತದೆ. ಶಾಖ ಪ್ರವಾಹದ ವರ್ಗದ ಲೆಕ್ಕದಲ್ಲಿ ಬೆಳೆಯುವುದರಿಂದ ವೈಂಡಿಂಗ್ ಮೂರನೇ ಒಂದರಷ್ಟು ಹೆಚ್ಚು ಕಾಯುತ್ತದೆ. ಬೇಸಿಗೆಯಲ್ಲಿ ರಿವೈಂಡಿಂಗ್ ಅಂಗಡಿಗಳ ಮುಂದೆ ಮೋಟರ್‌ಗಳ ಸಾಲು ಕಾಣುವುದಕ್ಕೆ ಇದು ದೊಡ್ಡ ಕಾರಣ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಎಂದು ಅದನ್ನು ಮೇಲಕ್ಕೆ ತಿರುಗಿಸಿಡುವವರು ಮೊದಲು ಕ್ಲ್ಯಾಂಪ್ ಹಾಕಿ ಮೂರೂ ಫೇಸ್‌ನ ಆಂಪಿಯರ್ ನೋಡಲಿ, ಮೋಟರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಹೋಲಿಸಲಿ.

ಎಲ್‌ಇಡಿ ಬಲ್ಬ್, ಟಿವಿ, ಲ್ಯಾಪ್‌ಟಾಪ್ ಚಾರ್ಜರ್‌ಗಳು ಪ್ರವಾಹವನ್ನು ತುಂಡು ತುಂಡಾಗಿ ಎಳೆಯುತ್ತವೆ. ಅವುಗಳಿಗೆ ರೋಧ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ, ಟ್ರೂ ಆರ್‌ಎಂಎಸ್ (ಇಂಥ ತುಂಡು ಪ್ರವಾಹವನ್ನೂ ಸರಿಯಾಗಿ ಅಳೆಯುವ ಬಗೆ) ಅಲ್ಲದ ಮೀಟರ್ ಆಂಪಿಯರನ್ನೂ ತಪ್ಪು ತೋರಿಸುತ್ತದೆ.

ಮನೆಯ ವಿದ್ಯುತ್ ಮೀಟರಿನಿಂದಲೇ ತಾಳೆ ನೋಡುವುದು

ಪವರ್ ಫ್ಯಾಕ್ಟರ್ ಗೊತ್ತಿಲ್ಲದಾಗ ನಿಜವಾದ ವಾಟ್ ಹೇಳುವ ಉಪಕರಣ ನಿಮ್ಮ ಮನೆಯ ಗೋಡೆಯ ಮೇಲೇ ಇದೆ. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಅದು 3200 ಎಂದುಕೊಳ್ಳಿ. ನಿಮ್ಮದರಲ್ಲಿ ಬೇರೆ ಇದ್ದರೆ ಆ ಸಂಖ್ಯೆಯನ್ನೇ ಹಾಕಿ. ಉಳಿದೆಲ್ಲ ಆಫ್ ಮಾಡಿ, ಅಳೆಯಬೇಕಾದ ಉಪಕರಣವನ್ನಷ್ಟೇ ಓಡಿಸಿ. ಮೊಬೈಲಿನ ಸ್ಟಾಪ್‌ವಾಚ್ ಒಂದು ಮಿನುಗಿಗೆ ಶುರು ಮಾಡಿ, ಅದರ ನಂತರದ ಹತ್ತನೆಯದಕ್ಕೆ ನಿಲ್ಲಿಸಿ.

ಪವರ್ (ವಾಟ್) = 36,00,000 × ಮಿನುಗುಗಳು ÷ (3200 × ಸೆಕೆಂಡುಗಳು)

ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿರುವಾಗ ಹತ್ತು ಮಿನುಗಿಗೆ 75 ಸೆಕೆಂಡ್ ಹಿಡಿಯಿತು ಎಂದರೆ 150 ವಾಟ್. ಅದೇ ಹೊತ್ತಿಗೆ ವೋಲ್ಟೇಜ್ 225, ಕ್ಲ್ಯಾಂಪಿನ ಓದು 0.9 ಆಂಪಿಯರ್ ಇದ್ದರೆ ಗುಣಲಬ್ಧ 202. ಪವರ್ ಫ್ಯಾಕ್ಟರ್ 150 ÷ 202, ಅಂದರೆ 0.74. ಇದೇ ಪ್ರಯೋಗವನ್ನು ಗೀಸರ್ ಮೇಲೆ ಮಾಡಿದರೆ ಉತ್ತರ 1ಕ್ಕೆ ತೀರಾ ಹತ್ತಿರ ಬರಬೇಕು. ಬರದಿದ್ದರೆ ಮನೆಯಲ್ಲಿ ಇನ್ನೇನೋ ಆನ್ ಇದೆ, ಇಲ್ಲವೇ ಕ್ಲ್ಯಾಂಪ್ ಮೀಟರಿನ ಬ್ಯಾಟರಿ ಬದಲಿಸುವ ಹೊತ್ತಾಗಿದೆ.